ಮಳೆ ಹೆಚ್ಚುತ್ತದೆ ಎನ್ನುವ ಮಾದರಿಯನ್ನು ನಂಬಿ ಭೀಮಾ ದಂಡೆಯಲ್ಲಿ ಕಬ್ಬು ಹಾಕಬಹುದೇ?

ಇಂಡಿಯ ಮಗಳು (ಕೊಥರೂಡ್, ಪುಣೆ):

ನಮಸ್ಕಾರ. ನಮ್ಮ ಜಮೀನು ಇಂಡಿ ತಾಲ್ಲೂಕಿನಲ್ಲಿ, ಭೀಮಾ ನದಿಯಿಂದ ಹೆಚ್ಚು ದೂರವಿಲ್ಲ. ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಹಿಂಗಾರಿ ಬಿಳಿಜೋಳ ಮತ್ತು ಕಡಲೆ, ಮಸಾರಿಯಲ್ಲಿ (ಕೆಂಪು ಮಣ್ಣಿನಲ್ಲಿ) ನಿಂಬೆ. ಈಗ ಅಣ್ಣ ನದಿಯಿಂದ ಪೈಪ್‌ಲೈನ್ ಎಳೆದು ಜೋಳದ ಹೊಲವನ್ನೆಲ್ಲ ಕಬ್ಬಿಗೆ ತಿರುಗಿಸುತ್ತೇನೆ ಎಂದು ಕುಳಿತಿದ್ದಾನೆ. ಬ್ಯಾಂಕ್ ಸಾಲಕ್ಕೆ ನನ್ನ ಸಹಿಯೂ ಬೇಕು.

ಅವನಿಗೆ ಹುರುಪು ಹತ್ತಿಸಿದ್ದು ನನ್ನದೇ ಒಂದು ಮಾತು. ಇಲ್ಲಿ ಒಂದು ಉಪನ್ಯಾಸಕ್ಕೆ ಹೋಗಿದ್ದೆ. ಈ ಶತಮಾನದ ಕೊನೆಯ ಹೊತ್ತಿಗೆ ಭಾರತದ ಮುಂಗಾರು ಮಳೆ ಒಟ್ಟಾರೆ ಹೆಚ್ಚಾಗುತ್ತದೆ ಎಂದು ಬಹುತೇಕ ಹವಾಮಾನ ಮಾದರಿಗಳು, ಅಂದರೆ ಕಂಪ್ಯೂಟರಿನಲ್ಲಿ ಹಾಕುವ ಲೆಕ್ಕಗಳು, ತೋರಿಸುತ್ತವೆ ಎಂದರು. ಅದನ್ನು ಫೋನಿನಲ್ಲಿ ಹೇಳಿದೆ. 'ಮಳೆ ಹೆಚ್ಚಾದರೆ ಹೊಳೆ ತುಂಬುತ್ತದೆ, ಮತ್ತೇನು ಬೇಕು' ಎಂದ. ಆದರೆ ಅದೇ ಉಪನ್ಯಾಸದ ಉಳಿದರ್ಧ ನೀರಿಗೂ ಆಹಾರಕ್ಕೂ ಗಂಡಾಂತರವಿದೆ ಎಂಬ ಬಗ್ಗೆಯೇ ಇತ್ತು. ಮಳೆ ಹೆಚ್ಚಾಗುವುದು, ನೀರು ಸಾಲದೆ ಹೋಗುವುದು, ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ? ತಿಳಿದವರು ಬಿಡಿಸಿ ಹೇಳಿ. ಅಣ್ಣನಿಗೆ ಓದಿ ಹೇಳುವಂತಿರಲಿ.

ಡೊಂಬಿವಿಲಿ ರಾಯರು:

ನಾಳೆ ಮಳೆ ಬರುತ್ತದೋ ಇಲ್ಲವೋ ಹೇಳಲು ತಿಣುಕುವವರು 2080ರ ಮಳೆ ಹೇಳುತ್ತಾರಂತೆ, ನಾವು ಕೇಳಬೇಕಂತೆ! 2005ರ ಜುಲೈ 26ರಂದು ನಾನು ಮುಂಬಯಿಯ ಕುರ್ಲಾದಲ್ಲಿ ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದೆ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿ.ಮೀ. ಸುರಿಯಿತು. ಯಾವ ಕಂಪ್ಯೂಟರು ಹೇಳಿತ್ತು? ಅಣ್ಣನಿಗೆ ಕಬ್ಬು ಹಾಕಲು ಬಿಡಮ್ಮ. ಕಾರ್ಖಾನೆ ದುಡ್ಡು ಕೊಡುತ್ತದೆ, ಮಾದರಿ ಕೊಡುವುದಿಲ್ಲ.

ಮಾಟುಂಗಾದ ಅಮ್ಮಣ್ಣಿ:

ಕಾರ್ಖಾನೆ ದುಡ್ಡು ಕೊಡುತ್ತದೆಯೇ? ಯಾವ ವರ್ಷದ್ದು, ಯಾವ ವರ್ಷದಲ್ಲಿ, ರಾಯರೇ?

ಜಲಲೆಕ್ಕ (ಪಾಷಾಣ್, ಪುಣೆ):

ನದಿಯ ಹರಿವನ್ನು ಲೆಕ್ಕ ಹಾಕುವುದೇ ನನ್ನ ಹೊಟ್ಟೆಪಾಡು, ಹಾಗಾಗಿ ಸುಮ್ಮನಿರಲಾಗದು.

ರಾಯರು ಕೊಟ್ಟ ದಿನವನ್ನೇ ಹಿಡಿಯೋಣ. ಸಾಂತಾಕ್ರೂಜ್‌ನಲ್ಲಿ 944 ಬಿದ್ದ ಆ ದಿನ ಕೊಲಾಬಾದಲ್ಲಿ ಬಿದ್ದದ್ದು 73 ಮಿ.ಮೀ. ಮಾತ್ರ. ಎರಡೂ ಒಂದೇ ನಗರ. ಇಡೀ ಭೂಮಿಯ ಹವಾಮಾನವನ್ನು ನೂರಾರು ವರ್ಷ ಓಡಿಸಿ ನೋಡುವ ಮಾದರಿ ಭೂಮಿಯನ್ನು ಚೌಕಗಳಾಗಿ ಕತ್ತರಿಸುತ್ತದೆ. ಒಂದು ಚೌಕ ಸಾಮಾನ್ಯವಾಗಿ 100 ಕಿ.ಮೀ. ಆಸುಪಾಸು ಅಗಲ. ಕೊಲಾಬಾ, ಸಾಂತಾಕ್ರೂಜ್, ನಿಮ್ಮ ಡೊಂಬಿವಿಲಿ ಎಲ್ಲವೂ ಒಂದೇ ಚೌಕದೊಳಗೆ ಕೂರುತ್ತವೆ. ಎಲ್ಲಕ್ಕೂ ಒಂದೇ ಮಳೆ. ಹಾಗಾಗಿ ಆ ಮಾದರಿಯನ್ನು 'ಜುಲೈ 26ರಂದು ಕುರ್ಲಾದಲ್ಲಿ ಏನಾಗುತ್ತದೆ' ಎಂದು ಕೇಳುವುದೇ ತಪ್ಪು. ನಾಳೆಯ ಮುನ್ಸೂಚನೆ ಇಂದಿನ ಆಕಾಶದಿಂದ ಹೊರಡುತ್ತದೆ. ಶತಮಾನದ ಮುನ್ನೋಟ ಕೇಳುವ ಪ್ರಶ್ನೆಯೇ ಬೇರೆ: ಗಾಳಿಯಲ್ಲಿ ಇಂಗಾಲ ಇಷ್ಟು ಹೆಚ್ಚಿದರೆ ಅಂಥ ದಿನಗಳು ಎಷ್ಟು ಸಲ ಬಂದಾವು? ದಿನಾಂಕ ಅದಕ್ಕೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

ಇನ್ನು ಅಕ್ಕನ ಪ್ರಶ್ನೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಹಿಡಿದದ್ದನ್ನು ಸುರಿಸುವಾಗ ಒಮ್ಮೆಲೇ ಸುರಿಸುತ್ತದೆ. ನಡುವೆ ಒಣ ದಿನಗಳು. ಭೂವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ವರದಿಯಲ್ಲಿ ಇದು ಅಂಕಿಗಳಲ್ಲೇ ಇದೆ. 1951ರಿಂದ 2015ರ ನಡುವೆ ದೇಶದ ಮುಂಗಾರು ಮಳೆ ಸುಮಾರು ಶೇ 6 ಇಳಿದಿದೆ. ಹೆಚ್ಚುಕಡಿಮೆ ಅದೇ ಅವಧಿಯಲ್ಲಿ ಮಧ್ಯ ಭಾರತದಲ್ಲಿ ದಿನಕ್ಕೆ 150 ಮಿ.ಮೀ. ಮೀರಿದ ಮಳೆಯ ಘಟನೆಗಳು ಸುಮಾರು ಶೇ 75 ಏರಿವೆ. ಜೋಳಕ್ಕೆ ಬೇಕಾದದ್ದು ಎರೆಯೊಳಗೆ ಇಳಿದು ನಿಂತ ತೇವ. ಒಂದೇ ರಾತ್ರಿ ಬಿದ್ದ ನೀರು ಬದು ಒಡೆದು ಹಳ್ಳ ಸೇರುತ್ತದೆ. ಒಟ್ಟು ಮಳೆಯ ಅಂಕಿ ಇದನ್ನು ಹೇಳುವುದಿಲ್ಲ.

ಹಡಪ್ಸರದವ:

ಒಂದು ನಿಮಿಷ. ಆಗಿರುವುದು ಇಳಿಕೆ, ಮಾದರಿ ಹೇಳುತ್ತಿರುವುದು ಏರಿಕೆ. ಹಾಗಾದರೆ ಮಾದರಿ ಸುಳ್ಳು ಎಂದಾಗಲಿಲ್ಲವೇ?

ಜಲಲೆಕ್ಕ:

ಒಳ್ಳೆಯ ಪ್ರಶ್ನೆ, ನಮ್ಮಲ್ಲೂ ಇದರ ಮೇಲೆ ಜಗಳ ಮುಗಿದಿಲ್ಲ. ಹೆಚ್ಚಿನವರು ಒಪ್ಪುವ ವಿವರಣೆ ಹೀಗಿದೆ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಹೊಗೆ, ದೂಳು, ಕಲ್ಲಿದ್ದಲಿನ ಕಣಗಳು ಬಿಸಿಲನ್ನು ತಡೆದು ನೆಲ ಕಾಯುವುದನ್ನು ಕಡಿಮೆ ಮಾಡಿದವು. ಇತ್ತ ಹಿಂದೂ ಮಹಾಸಾಗರ ಬಿಸಿಯಾಯಿತು. ನೆಲಕ್ಕೂ ಕಡಲಿಗೂ ಇರುವ ಶಾಖದ ಅಂತರವೇ ಮುಂಗಾರನ್ನು ಎಳೆದು ತರುವುದು, ಅದು ಸಡಿಲವಾಯಿತು. ಮುಂದೆ ಹೊಗೆ ತಗ್ಗಿ ಹಸಿರುಮನೆ ಅನಿಲಗಳ ಕೈ ಮೇಲಾದರೆ ಮಳೆ ಏರುತ್ತದೆ ಎನ್ನುತ್ತವೆ ಮಾದರಿಗಳು. ಎಷ್ಟು ಏರುತ್ತದೆ, ಯಾವಾಗಿನಿಂದ ಎಂಬಲ್ಲಿ ಒಂದು ಮಾದರಿಗೂ ಇನ್ನೊಂದಕ್ಕೂ ತಾಳಮೇಳವಿಲ್ಲ. ಅದಕ್ಕೇ ಒಂದನ್ನೇ ನಂಬದೆ ಹಲವನ್ನು ಒಟ್ಟಿಗೆ ಓಡಿಸಿ ಹರವು ನೋಡುತ್ತೇವೆ. ಅಣ್ಣನ ಸಾಲದ ಕಂತು ಕಟ್ಟಬೇಕಾದ ವರ್ಷಗಳಲ್ಲಂತೂ ಈ ಏರಿಕೆಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಅಷ್ಟು ಕಡಿಮೆ ಅವಧಿಯಲ್ಲಿ ಎಲ್ ನಿನೊದಂಥ (ಕೆಲವು ವರ್ಷಕ್ಕೊಮ್ಮೆ ಪೆಸಿಫಿಕ್ ಕಡಲು ಬಿಸಿಯಾಗುವುದು) ಸಹಜ ಏರಿಳಿತವೇ ದೊಡ್ಡದು.

ಘಾಟ್ಕೋಪರ್ ಮೇಷ್ಟ್ರು:

ಹೊಸದಾಗಿ ಬಂದ ಸೂಪರ್ ಕಂಪ್ಯೂಟರು, 6 ಕಿ.ಮೀ. ಚೌಕದ ಮಾದರಿ ಎಂದೆಲ್ಲ ಪತ್ರಿಕೆಯಲ್ಲಿ ಬಂದಿತ್ತಲ್ಲ? ಅದರಲ್ಲಿ ಇಂಡಿ ತಾಲ್ಲೂಕು ಕಾಣುವುದಿಲ್ಲವೇ? ನಮ್ಮ ಕನ್ನಡ ಶಾಲೆಯ ಮಕ್ಕಳು ಕೇಳಿದರು, ನನಗೂ ತಿಳಿಯಬೇಕಿತ್ತು.

ಜಲಲೆಕ್ಕ:

ಅದು 2025ರ ಮೇ ತಿಂಗಳಲ್ಲಿ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್, ಮೇಷ್ಟ್ರೇ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲೇ ಸಿದ್ಧವಾದದ್ದು. ಅದು ಮುಂದಿನ ಕೆಲವು ದಿನಗಳ ಮುನ್ಸೂಚನೆಗೆ, ಶತಮಾನಕ್ಕಲ್ಲ. ಶತಮಾನದ ಮಾದರಿಯೂ ಅದೇ ಸಂಸ್ಥೆಯದು ಇದೆ, ಅದರ ಚೌಕ ದೊಡ್ಡದು. ದೊಡ್ಡ ಚೌಕದ ಫಲಿತಾಂಶವನ್ನು ಸಣ್ಣ ಪ್ರದೇಶಕ್ಕೆ ಇಳಿಸುವ ಕೆಲಸ ಬೇರೆಯೇ ಇದೆ. ಅದರಲ್ಲಿ ಹೆಚ್ಚು ಎಡವುವುದು ನಮ್ಮ ಸಹ್ಯಾದ್ರಿಯಲ್ಲಿ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿ.ಮೀ. ಮೀರಿ ಮಳೆ. ಘಟ್ಟ ಇಳಿದು ವಾಯಿಗೆ ಬಂದರೆ ಅದರ ಐದನೇ ಒಂದು ಪಾಲೂ ಇಲ್ಲ. ದೊಡ್ಡ ಚೌಕದಲ್ಲಿ ಘಟ್ಟವೇ ಚಪ್ಪಟೆಯಾಗಿ, ಮಳೆ ಎರಡೂ ಕಡೆ ಸಮನಾಗಿ ಹರಡಿಕೊಳ್ಳುತ್ತದೆ. ಕೃಷ್ಣೆ, ಭೀಮೆ ಹುಟ್ಟುವುದು ಸರಿಯಾಗಿ ಆ ಗೆರೆಯಲ್ಲೇ. ಮಳೆ ಘಟ್ಟದ ಈಚೆ ಬಿತ್ತೋ ಆಚೆ ಬಿತ್ತೋ ಎಂಬುದು ತಪ್ಪಿದರೆ ಇಂಡಿಯ ನೀರಿನ ಲೆಕ್ಕವೂ ತಪ್ಪಿತು.

ಅಫಜಲಪುರದವ (ಪಿಂಪ್ರಿ):

ಅಕ್ಕಾ, ಇವರೆಲ್ಲ ಆಕಾಶ ನೋಡುತ್ತಿದ್ದಾರೆ. ಭೀಮಾ ದಂಡೆಯವರು ನೋಡಬೇಕಾದದ್ದು ಉಜನಿಯ ಗೇಟು.

ಮಹಾರಾಷ್ಟ್ರದಲ್ಲಿ ಭೀಮೆಗೆ ಕಟ್ಟಿದ ಉಜನಿ ಜಲಾಶಯ ತುಂಬಿದರೆ ಸುಮಾರು 117 ಟಿಎಂಸಿ ಎನ್ನುತ್ತಾರೆ. ಅದರಲ್ಲಿ 63 ಟಿಎಂಸಿಗೂ ಹೆಚ್ಚು ತಳದ ನೀರು, ಕಾಲುವೆಗೆ ಸಹಜವಾಗಿ ಹರಿಯದು. ಬಳಕೆಗೆ ಬರುವುದು ಅರ್ಧಕ್ಕಿಂತ ಕಡಿಮೆ. ಬೇಸಿಗೆಯಲ್ಲಿ ಸೊಲ್ಲಾಪುರದ ಮರಾಠಿ ಪತ್ರಿಕೆ ತೆರೆದರೆ 'ಉಜನಿ ಮೈನಸ್' ಎಂದು ತಲೆಬರಹ ಇರುತ್ತದೆ, ಅಂದರೆ ಬಳಕೆಯ ನೀರು ಮುಗಿದು ತಳದ ನೀರೂ ಇಳಿಯುತ್ತಿದೆ ಎಂದು. 2024ರಲ್ಲಿ ಮೈನಸ್ ಶೇ 50ನ್ನೂ ದಾಟಿ ಕೆಳಗೆ ಹೋಗಿತ್ತು. ಆ ಹೊತ್ತಿನಲ್ಲಿ ಗಡಿಯಾಚೆಯ ನಮಗೆ ನೀರು ಬಿಡಿ ಎಂದರೆ ಯಾರು ಬಿಡುತ್ತಾರೆ? ಸೊಲ್ಲಾಪುರ ನಗರಕ್ಕೇ ಕುಡಿಯಲು ಬೇಕು. ಪಂಪ್‌ಸೆಟ್ಟಿನ ಪೈಪು ಬಂಡೆಯ ಮೇಲೆ ಒಣಗಿ ಬಿದ್ದಿರುತ್ತದೆ.

ಇನ್ನೊಂದು ತುದಿಯನ್ನೂ ಕೇಳಿ. 2020ರ ಅಕ್ಟೋಬರ್ ನಡುವಿನಲ್ಲಿ ಬಂಗಾಳ ಕೊಲ್ಲಿಯಿಂದ ಹೊರಟ ವಾಯುಭಾರ ಕುಸಿತ ತೆಲಂಗಾಣ ದಾಟಿ ನಮ್ಮ ತಲೆಯ ಮೇಲೆ ಬಂತು. ಮೇಲಿಂದ ಮಳೆ, ಹಿಂದಿನಿಂದ ಜಲಾಶಯದ ನೀರು. ಸೊನ್ನ ಬ್ಯಾರೇಜ್ ಕೆಳಗಿನ ಊರುಗಳಿಗೆ ದೋಣಿ ತರಬೇಕಾಯಿತು. ನಮ್ಮ ಹೂವಿಗೆ ಬಂದ ತೊಗರಿ ನಿಂತಲ್ಲೇ ಕೊಳೆಯಿತು. ಮೂರು ವರ್ಷ ಬಿಟ್ಟು, 1901ರಿಂದ ಲೆಕ್ಕ ಇಟ್ಟಾಗಿನಿಂದ ದೇಶದಲ್ಲಿ ಅತಿ ಒಣ ಆಗಸ್ಟ್ ಬಂತು. ಅದೇ ಹೊಲ ಬಿರುಕು ಬಿಟ್ಟಿತು. ಎರಡೂ ವರ್ಷ ಕೂಡಿಸಿ ಸರಾಸರಿ ತೆಗೆದರೆ ಬೆಳೆ ಚೆನ್ನಾಗಿರಬೇಕಿತ್ತು!

ಹಡಪ್ಸರದವ:

ಅಂದರೆ ಉಜನಿಗೆ ಬರುವ ನೀರು ನಮ್ಮ ಪುಣೆಯದ್ದೇ ಅಲ್ಲವೇ.

ಅಫಜಲಪುರದವ:

ಅದೇ. ಖಡಕವಾಸಲಾ, ಪಾನಶೇತ್, ವರಸಗಾಂವ್, ಟೇಮಘರ್ ನಾಲ್ಕೂ ಅಣೆಕಟ್ಟೆ ಸೇರಿ ಸುಮಾರು 29 ಟಿಎಂಸಿ. ಅರ್ಧಕ್ಕೂ ಹೆಚ್ಚು ಈ ಊರೇ ಕುಡಿದು, ತೊಳೆದು, ಮುಠಾ ನದಿಗೆ ಬಿಡುತ್ತದೆ. ಅದು ಭೀಮೆ ಸೇರಿ ಉಜನಿಯಲ್ಲಿ ನಿಂತು ಹಸಿರು ಪಾಚಿ ಕಟ್ಟುತ್ತದೆ. ಪಿಂಪ್ರಿಯಲ್ಲಿ ನಲ್ಲಿ ತಿರುಗಿಸುವಾಗ ಒಮ್ಮೊಮ್ಮೆ ಅನಿಸುತ್ತದೆ, ಊರಿನಲ್ಲಿ ಅಪ್ಪ ಕಾಯುತ್ತಿರುವ ನೀರನ್ನು ನಾನೇ ಇಲ್ಲಿ ತಡೆದು ಕುಳಿತಿದ್ದೇನೆ ಎಂದು. ಮುಂಬಯಿಯವರು ನಗಬೇಡಿ. ಮುಳಶಿಯ ಅಣೆಕಟ್ಟೆಯ ನೀರೂ ಭೀಮಾ ಕಣಿವೆಯದ್ದೇ. ಅದನ್ನು ಪಶ್ಚಿಮಕ್ಕೆ ತಿರುಗಿಸಿ ಘಟ್ಟದಿಂದ ಇಳಿಸಿ, ವಿದ್ಯುತ್ ತೆಗೆದು, ಕೊಂಕಣದ ಕಡೆಗೆ ಬಿಡುತ್ತಾರೆ. ಆ ಅಣೆಕಟ್ಟೆ ಬೇಡವೆಂದು ಮುಳಶಿ ಸತ್ಯಾಗ್ರಹ ನಡೆದದ್ದು 1921ರಲ್ಲಿ. ನೂರು ವರ್ಷದಿಂದ ನಿಮ್ಮ ದೀಪ ಉರಿಯುತ್ತಿದೆ.

ಘಾಟ್ಕೋಪರ್ ಮೇಷ್ಟ್ರು:

ನಮ್ಮ ನೀರೂ ನಮ್ಮದಲ್ಲ, ಒಪ್ಪಿಕೊಳ್ಳುತ್ತೇನೆ. ಮುಂಬಯಿಗೆ ನೀರು ಕೊಡುವ ಏಳು ಕೆರೆಗಳಲ್ಲಿ ವಿಹಾರ್, ತುಳಸಿ ಎರಡೇ ನಗರದೊಳಗಿವೆ, ಅವೂ ಪುಟ್ಟವು. ಅರ್ಧದಷ್ಟು ನೀರು ಠಾಣೆ ಜಿಲ್ಲೆಯ ಭಾತಸಾದಿಂದ ಬರುತ್ತದೆ. ಏಳೂ ತುಂಬಿದರೆ ಸುಮಾರು 14.47 ಲಕ್ಷ ದಶಲಕ್ಷ ಲೀಟರ್. ವರ್ಷವಿಡೀ ಕುಡಿಯುವುದು ನಾಲ್ಕು ತಿಂಗಳಲ್ಲಿ ತುಂಬಿದ್ದನ್ನೇ. 2025ರಲ್ಲಿ ಮುಂಗಾರು ಮೇ 26ಕ್ಕೇ ಬಂತು, ಸಾಮಾನ್ಯವಾಗಿ ಬರುವುದು ಜೂನ್ 11ಕ್ಕೆ. ಬೇಗ ಬಂದರೆ ಒಳ್ಳೆಯದೇ ಅಲ್ಲವೇ ಎಂದು ನಾನು ತರಗತಿಯಲ್ಲಿ ಹೇಳಿದೆ.

ಜಲಲೆಕ್ಕ:

ಕುಡಿಯುವ ನೀರಿಗೆ ಮಾತ್ರ ಕಟ್ಟಿದ ಕೆರೆಗೆ ಬೇಗ ತುಂಬಿದರೆ ನೆಮ್ಮದಿಯೇ. ಪ್ರವಾಹವನ್ನೂ ತಡೆಯಬೇಕು, ನೀರನ್ನೂ ಉಳಿಸಬೇಕು ಎನ್ನುವ ಉಜನಿ, ಖಡಕವಾಸಲಾದಂಥ ಕಡೆ ಬೇಗ ತುಂಬಿದರೆ ಮುಂದಿನ ದೊಡ್ಡ ಮಳೆಗೆ ಜಾಗವಿಲ್ಲ. ಖಾಲಿ ಇಟ್ಟುಕೊಂಡು ಕಾದರೆ, ಮಳೆ ಕೈಕೊಟ್ಟಾಗ ಬೈಗುಳ. ಯಾವ ತಾರೀಖಿಗೆ ಎಷ್ಟು ತುಂಬಿಸಬೇಕು ಎಂಬ ಪಟ್ಟಿ ಹಳೆಯ ಮಳೆಗಾಲಗಳನ್ನು ನೋಡಿ ಬರೆದದ್ದು. ಮಾದರಿಗಳಿಂದ ನಿಜವಾಗಿ ಆಗಬೇಕಾದ ಕೆಲಸ ಅಲ್ಲಿದೆ.

ಡೊಂಬಿವಿಲಿ ರಾಯರು:

ಮಾದರಿಯಿಲ್ಲದೆ ಇಷ್ಟು ವರ್ಷ ನದಿ ಹಂಚಿಕೊಂಡಿಲ್ಲವೇ? ಬಚಾವತ್ ನ್ಯಾಯಮಂಡಳಿ ಕೃಷ್ಣೆಯಲ್ಲಿ ನಿಜವಾಗಿ ಹರಿದ ನೀರನ್ನು ಅಳೆದು 2,060 ಟಿಎಂಸಿ ಎಂದು ಹಂಚಿತು. ಹರಿದ ನೀರು, ಸ್ವಾಮಿ! ಕಂಪ್ಯೂಟರಿನಲ್ಲಿ ಕನಸು ಕಂಡ ನೀರಲ್ಲ.

ಜಲಲೆಕ್ಕ:

ರಾಯರೇ, ನೀವು ಈ ಅಂಕಿಯನ್ನು ತಂದದ್ದು ಒಳ್ಳೆಯದಾಯಿತು. 2,060 ಎಂಬುದು ಶೇ 75ರ ಭರವಸೆಯ ನೀರು. ನಾಲ್ಕರಲ್ಲಿ ಮೂರು ವರ್ಷವಾದರೂ ಇಷ್ಟು ಹರಿಯುತ್ತದೆ ಎಂದು ಅರ್ಥ. ಅದಕ್ಕೆ ಬಳಸಿದ್ದು 1894–95ರಿಂದ 1971–72ರವರೆಗಿನ 78 ವರ್ಷಗಳ ದಾಖಲೆ. ಎರಡನೆಯ ನ್ಯಾಯಮಂಡಳಿ, ಅಂದರೆ ಬ್ರಿಜೇಶ್ ಕುಮಾರ್ ಅವರದು, 1961ರಿಂದ 2008ರವರೆಗಿನ 47 ವರ್ಷ ತೆಗೆದುಕೊಂಡಿತು. ಅದೇ ಶೇ 75ಕ್ಕೆ 2,173 ಬಂತು. ಭರವಸೆಯನ್ನು ಶೇ 65ಕ್ಕೆ ಇಳಿಸಿದಾಗ 2,293 ಆಯಿತು. ನದಿ ಒಂದೇ, ಯಾವ ವರ್ಷಗಳನ್ನು ಆರಿಸಿದಿರಿ ಎಂಬುದರ ಮೇಲೆ ನೂರಕ್ಕೂ ಹೆಚ್ಚು ಟಿಎಂಸಿ ಅತ್ತಿತ್ತ ಆಯಿತು. ಮುಂದಿನ 50 ವರ್ಷ ಹಿಂದಿನ 50 ವರ್ಷದಂತೆಯೇ ಇರುತ್ತದೆ ಎಂದು ಹಿಡಿಯುವುದೂ ಒಂದು ಮಾದರಿಯೇ. ಅದರ ತಪ್ಪು ಎಷ್ಟಿರಬಹುದೆಂದು ಯಾರೂ ಪಕ್ಕದಲ್ಲಿ ಬರೆದಿಡುವುದಿಲ್ಲ, ಅಷ್ಟೇ.

ಡೊಂಬಿವಿಲಿ ರಾಯರು:

ಮಾತಿನಲ್ಲಿ ಗೆದ್ದಿರಿ. ನೀರು ಬರಲಿ, ಆಮೇಲೆ ನೋಡೋಣ.

ವಾಸ್ಕೊದ ಗದಗಿನವ:

ನ್ಯಾಯಮಂಡಳಿ ಎಂದಾಗ ನೆನಪಾಯಿತು. 2018ರಲ್ಲಿ ಮಹದಾಯಿ ತೀರ್ಪು ಬಂದು ಕರ್ನಾಟಕಕ್ಕೆ 13.42 ಟಿಎಂಸಿ ಎಂದಾಯಿತು. ಮಲಪ್ರಭೆಗೆ ಇನ್ನೂ ಒಂದು ಹನಿ ತಿರುಗಿಲ್ಲ. ಇಲ್ಲಿ ಗೋವಾದಲ್ಲಿ ಕೆಲಸ ಮಾಡುವ ನಾವು ಆ ಮಾತೆತ್ತಿದರೆ ಎದುರಿನವರ ಮುಖ ಬಿಗಿಯಾಗುತ್ತದೆ. ಊರಿಗೆ ಹೋದರೆ 'ನೀನು ಗೋವಾದವರ ಕಡೆಯೇ' ಎನ್ನುತ್ತಾರೆ.

ಮಾಟುಂಗಾದ ಅಮ್ಮಣ್ಣಿ:

ಗೋವಾದವರಿಗೆ 24 ಟಿಎಂಸಿ ಸಿಕ್ಕಿದೆ, ಮತ್ತೆ ಅಳು ಏಕೆ?

ಕುಮಟೆಯವಳು (ಮಡಗಾಂವ್):

ಅಮ್ಮಣ್ಣಿಯವರೇ, ಅಳು ಏಕೆಂದರೆ ಹೊಳೆಯ ನೀರು ಕಡಿಮೆಯಾದಷ್ಟು ಉಪ್ಪುನೀರು ಒಳಗೆ ಬರುತ್ತದೆ ಎಂಬ ಭಯ. ಅದು ಸುಳ್ಳು ಭಯವಲ್ಲ.

ವಾಸ್ಕೊದ ಗದಗಿನವ:

ಅಂದರೆ ಗದಗ, ಧಾರವಾಡದವರು ಟ್ಯಾಂಕರ್ ಹಿಂದೆ ಓಡುವುದು ಸುಳ್ಳೇ?

ನಿರ್ವಾಹಕ:

ಮಹದಾಯಿಗೆ ಬೇರೆ ಚರ್ಚೆ ಇದೆ, ಅಲ್ಲಿ ಈಗಾಗಲೇ ಸಾಕಷ್ಟು ರಕ್ತ ಕುದಿದಿದೆ. ಇಲ್ಲಿ ಇಂಡಿಯ ಕಬ್ಬಿಗೆ ಮರಳೋಣ.

ಕುಮಟೆಯವಳು:

ಮರಳುವ ಮುನ್ನ ಒಂದೇ ಮಾತು, ವಿಷಯಕ್ಕೆ ಸಂಬಂಧಪಟ್ಟದ್ದೇ. ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ. ಆದರೂ ಮೇ ತಿಂಗಳಲ್ಲಿ ನಮ್ಮ ಬಡಾವಣೆಯ ನಲ್ಲಿಯಲ್ಲಿ ಗಾಳಿ ಬರುತ್ತದೆ. ಜಂಬಿಟ್ಟಿಗೆ ನೆಲದಲ್ಲಿ ನೀರು ನಿಲ್ಲುವುದಿಲ್ಲ, ನದಿಗಳು ಗಿಡ್ಡ, ಬಿದ್ದದ್ದು ಬೇಗ ಕಡಲಿಗೆ. ಮಳೆ ಹೆಚ್ಚಿದ್ದರೆ ನೀರಿದೆ ಎನ್ನುವ ಅಣ್ಣನನ್ನು ಇಲ್ಲಿಗೆ ಕಳುಹಿಸಿ.

ಇಲ್ಲಿನ ಖಾಜನ್ ಗದ್ದೆಗಳನ್ನೂ ತೋರಿಸುತ್ತೇನೆ. ಉಬ್ಬರದ ಉಪ್ಪುನೀರನ್ನು ಕಟ್ಟೆ ಹಾಕಿ, ಮರದ ಬಾಗಿಲಿಟ್ಟು ತಡೆದು, ಒಳಗೆ ಕೊರ್ಗುಟ್ ಭತ್ತ ಬೆಳೆಯುತ್ತಿದ್ದರು. ನಮ್ಮ ಅಘನಾಶಿನಿಯ ಗಜನಿಯಲ್ಲಿ ಕಗ್ಗ ಬೆಳೆದಂತೆ. ಕಗ್ಗ ಉಪ್ಪನ್ನೂ ತಾಳುತ್ತದೆ, ನೆರೆಯನ್ನೂ ತಾಳುತ್ತದೆ. ನಮ್ಮ ಮನೆಯಲ್ಲಿ ಅದರ ಕುಚ್ಚಲಕ್ಕಿ ಗಂಜಿ ಉಂಡವರು ಮಧ್ಯಾಹ್ನದವರೆಗೆ ಹಸಿವು ಎನ್ನುತ್ತಿರಲಿಲ್ಲ. ಈಗ ಕಟ್ಟೆ ಒಡೆದರೆ ಸರಿಮಾಡುವವರಿಲ್ಲ, ಗದ್ದೆ ಸಿಗಡಿ ಹೊಂಡವಾಗಿದೆ. ಕಡಲ ಮಟ್ಟ ಏರುವುದನ್ನು ಮಾದರಿ ಹೇಳುತ್ತದೆ. ಕಟ್ಟೆ ಕಟ್ಟುವ ಊರಿನ ಕೂಟ ಮುರಿದುಬಿದ್ದದ್ದನ್ನು ಯಾವ ಮಾದರಿ ಹೇಳುತ್ತದೆ?

ಜಲಲೆಕ್ಕ:

ಹೇಳುವುದಿಲ್ಲ. ಅದು ನಿಜವಾದ ಕೊರತೆ.

ಹಡಪ್ಸರದವ:

ಬೆಳೆಯ ಕಡೆಗೆ ಬನ್ನಿ. ಇಂಗಾಲದ ಡೈಆಕ್ಸೈಡ್ ಗಿಡದ ಆಹಾರ ಎಂದು ಶಾಲೆಯಲ್ಲೇ ಕಲಿತಿದ್ದೇವೆ. ಅದು ಹೆಚ್ಚಾದರೆ ಇಳುವರಿ ಹೆಚ್ಚಬೇಕಲ್ಲ? ಒಂದು ವಿಡಿಯೊದಲ್ಲಿ ಹಾಗೇ ಹೇಳುತ್ತಿದ್ದರು.

ಜಲಲೆಕ್ಕ:

ಅರ್ಧ ಸತ್ಯ. ಭತ್ತ, ಗೋಧಿ, ತೊಗರಿ, ಕಡಲೆ ಒಂದು ಬಗೆಯ ಗಿಡಗಳು, ಸಿ3 ಎನ್ನುತ್ತಾರೆ. ಇವಕ್ಕೆ ಹೆಚ್ಚಿನ ಇಂಗಾಲದಿಂದ ತಕ್ಕಮಟ್ಟಿನ ಲಾಭವಿದೆ. ಜೋಳ, ಮೆಕ್ಕೆಜೋಳ, ಕಬ್ಬು ಸಿ4. ಇವು ಇಂಗಾಲವನ್ನು ಒಳಗೇ ಒಟ್ಟುಮಾಡಿಕೊಂಡು ಬಳಸುವ ಗಿಡಗಳಾದ್ದರಿಂದ ಹೊರಗೆ ಹೆಚ್ಚಾದರೂ ಅಷ್ಟೇನೂ ಹಿಗ್ಗುವುದಿಲ್ಲ. ಬರಗಾಲದಲ್ಲಿ ನೀರು ಸ್ವಲ್ಪ ಉಳಿಸಿಕೊಳ್ಳುತ್ತವೆ, ಅಷ್ಟೇ. ಹಾಗಾಗಿ ಆ ವಿಡಿಯೊ ಅಣ್ಣನ ಕಬ್ಬಿಗೆ ಅನ್ವಯಿಸುವುದಿಲ್ಲ.

ಲಾಭ ಪಡೆಯುವ ಬೆಳೆಗೂ ಬಿಸಿ ಬೇರೆ ಕಡೆಯಿಂದ ಹೊಡೆಯುತ್ತದೆ. ಬಿಸಿ ಹೆಚ್ಚಿದರೆ ಗಿಡ ಅವಸರದಿಂದ ಮಾಗುತ್ತದೆ, ಕಾಳು ತುಂಬಲು ಸಿಗುವ ದಿನಗಳು ಕಡಿಮೆ. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಹೊಲಗಳ ದಾಖಲೆ ನೋಡಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಾತ್ರಿಯ ಕನಿಷ್ಠ ಉಷ್ಣತೆ ಒಂದು ಡಿಗ್ರಿ ಏರಿದರೆ ಭತ್ತದ ಇಳುವರಿ ಸುಮಾರು ಶೇ 10 ಇಳಿದದ್ದು ಕಂಡಿತ್ತು. ಇಂಗಾಲ ಹೆಚ್ಚಿದ ಗಾಳಿಯಲ್ಲಿ ಬೆಳೆದ ಅಕ್ಕಿ, ಗೋಧಿಯಲ್ಲಿ ಸತು, ಕಬ್ಬಿಣ, ಪ್ರೋಟೀನು ಕಡಿಮೆ ಇರುತ್ತದೆ ಎಂಬುದೂ ಪ್ರಯೋಗಗಳಲ್ಲಿ ತಿಳಿದಿದೆ. ಮೂಟೆಯ ತೂಕ ಅಷ್ಟೇ ಇದ್ದರೂ ಒಳಗಿನ ಸತ್ವ ಅಷ್ಟಿರುವುದಿಲ್ಲ.

ಮಾಟುಂಗಾದ ಅಮ್ಮಣ್ಣಿ:

ನನಗೆ ಸಿ3, ಸಿ4 ತಿಳಿಯದು. 2022ರ ಮಾರ್ಚಿನಲ್ಲಿ ಬಿಸಿಲು ಹೊಡೆದು ಗೋಧಿ ಸೊರಗಿತು, ಮೇ ತಿಂಗಳಲ್ಲಿ ರಫ್ತು ನಿಂತಿತು. ಮರುವರ್ಷ ಜುಲೈನಲ್ಲಿ ಬಿಳಿ ಅಕ್ಕಿಯ ರಫ್ತೂ ನಿಂತಿತು. ಅಷ್ಟು ಮಾಡಿದರೂ ನಮ್ಮ ಅಂಗಡಿಯವನ ಜೋಳದ ಬೆಲೆ ಇಳಿಯಲಿಲ್ಲ. ಬಡವರ ರೊಟ್ಟಿ ಎನ್ನುತ್ತಿದ್ದುದು ಈಗ ಗೋಧಿಗಿಂತ ದುಬಾರಿ. ಎಲ್ಲರೂ ಎರೆಯಲ್ಲಿ ಕಬ್ಬು ಹಾಕಿದರೆ ಇನ್ನೇನಾಗುತ್ತದೆ? ಇಂಡಿಯ ಮಗಳೇ, ಸಹಿ ಮಾಡಬೇಡ.

ಹಡಪ್ಸರದವ:

ಮಾಲದಂಡಿ ಜೋಳದ ಹಿಟ್ಟು ಯಾರಿಗಾದರೂ ಪುಣೆಯಲ್ಲಿ ಒಳ್ಳೆಯದು ಸಿಗುತ್ತದೆಯೇ? ಲಕ್ಷ್ಮೀ ರಸ್ತೆಯದ್ದು ಬೇಡ, ನೋಡಿಯಾಗಿದೆ.

ಅಫಜಲಪುರದವ:

ಹಿಟ್ಟು ಬಿಡಿ, ಡಿಸೆಂಬರಿನಲ್ಲಿ ಊರಿಗೆ ಬನ್ನಿ, ಸೀತನಿ (ಸುಟ್ಟ ಎಳೆ ಜೋಳದ ಕಾಳು) ತಿನ್ನಿಸುತ್ತೇನೆ. ಇಲ್ಲಿಯವರು ಹುರ್ಡಾ ಪಾರ್ಟಿ ಎಂದು ತಲೆಗೆ ಇಷ್ಟು ಎಂದು ದುಡ್ಡು ಕಿತ್ತು ಕೊಡುವುದು ಅದನ್ನೇ.

ಈ ಬೆಳೆ ಮಾದರಿಗಳ ಬಗ್ಗೆ ನನ್ನದೊಂದು ತಕರಾರು. ಜಲಲೆಕ್ಕ ಅಣ್ಣ ಉತ್ತರಿಸಬೇಕು. ವರದಿಗಳಲ್ಲಿ ಎಕರೆಗೆ ಇಷ್ಟು ಕ್ವಿಂಟಲ್ ಕಾಳು ಎಂದು ಬರೆಯುತ್ತಾರೆ. ದನಕ್ಕೆ ಹಾಕುವ ಒಣ ದಂಟು, ಕಣಿಕೆ, ಎಲ್ಲಿ? ನಮಗೆ ಜೋಳ ಎಂದರೆ ಅರ್ಧ ಕಾಳು, ಅರ್ಧ ಕಣಿಕೆ. ಬರ ಬಿದ್ದ ವರ್ಷ ಕಾಳಿಗಿಂತ ಕಣಿಕೆಯೇ ಮನೆ ಉಳಿಸುತ್ತದೆ, ಏಕೆಂದರೆ ಎಮ್ಮೆ ಉಳಿಯುತ್ತದೆ. ಕಬ್ಬಿಗೆ ಹೋದವರು ಮೇವು ಕೊಳ್ಳುತ್ತಾರೆ, ಅಥವಾ ದನ ಮಾರುತ್ತಾರೆ.

ಜಲಲೆಕ್ಕ:

ಮಾದರಿಯೊಳಗೆ ಕಾಂಡ, ಎಲೆಯ ತೂಕವೂ ಇರುತ್ತದೆ. ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯವರು ನಮ್ಮ ಬೆಳೆಗಳಿಗೆಂದೇ ಮಾಡಿದ ಇನ್ಫೋಕ್ರಾಪ್ ಇರಲಿ, ಹೊರಗಿನ ಡಿಎಸ್‌ಎಸ್‌ಎಟಿ ಇರಲಿ, ಎಲ್ಲವೂ ಲೆಕ್ಕ ಹಾಕುತ್ತವೆ. ಬರೆಯುವವರು ಕಾಳನ್ನು ಮಾತ್ರ ಬರೆಯುತ್ತಾರೆ. ನಿಮ್ಮ ತಕರಾರು ಮಾದರಿಯ ಮೇಲಲ್ಲ, ಕೇಳುವವರ ಮೇಲೆ. ಏನು ಕೇಳುತ್ತೀರೋ ಅದಕ್ಕಷ್ಟೇ ಉತ್ತರ.

ಅಕ್ಕನ ಲೆಕ್ಕಕ್ಕೆ ಎರಡು ಅಂಕಿ ಸಾಕು. ಕಬ್ಬಿಗೆ ಒಂದು ಫಸಲಿಗೆ 1,500ರಿಂದ 2,500 ಮಿ.ಮೀ. ನೀರು ಬೇಕು. ಇಂಡಿಯ ಕಡೆ ವರ್ಷದ ಮಳೆ 600ರ ಆಸುಪಾಸು. ಉಳಿದದ್ದು ನದಿಯಿಂದ ಬರಬೇಕು. ಆ ನದಿಯ ಮೇಲ್ಭಾಗದಲ್ಲಿ ಪುಣೆ ಬೆಳೆಯುತ್ತಿದೆ. ಸೊಲ್ಲಾಪುರ ಜಿಲ್ಲೆಯ ಕಾರ್ಖಾನೆಗಳು ಅದೇ ಕಬ್ಬನ್ನು ಅದೇ ನೀರಿನಲ್ಲಿ ಅರೆಯುತ್ತಿವೆ. ಮಹಾರಾಷ್ಟ್ರದ ಬೆಳೆ ಪ್ರದೇಶದಲ್ಲಿ ಶೇ 4ಕ್ಕಿಂತ ಕಡಿಮೆ ಇರುವ ಕಬ್ಬು ನೀರಾವರಿಯ ಸುಮಾರು ಶೇ 70 ನೀರನ್ನು ಕುಡಿಯುತ್ತದೆ ಎಂದು ಕೇಂದ್ರದ ಕೃಷಿ ವೆಚ್ಚ ಮತ್ತು ಬೆಲೆ ಆಯೋಗವೇ ಹಿಂದೆ ಬರೆದಿತ್ತು. ಹವಾಮಾನ ಒಂದಿಷ್ಟೂ ಬದಲಾಗದಿದ್ದರೂ ಕೆಳಗಿನವರಿಗೆ ಇಕ್ಕಟ್ಟು. ಬದಲಾದರೆ ಇಕ್ಕಟ್ಟಿನ ವರ್ಷಗಳು ಹೆಚ್ಚುತ್ತವೆ, ನಡುನಡುವೆ ನೆರೆ.

ಡೊಂಬಿವಿಲಿ ರಾಯರು:

2016ರಲ್ಲಿ ಮೀರಜ್‌ನಿಂದ ಲಾತೂರಿಗೆ ರೈಲಿನಲ್ಲಿ ನೀರು ಹೋದದ್ದು ನೋಡಿದ್ದೇವೆ. ಲಾತೂರಿನ ಸುತ್ತಲೂ ಆಗ ಸಕ್ಕರೆ ಕಾರ್ಖಾನೆಗಳೇ. ಇದನ್ನು ಹೇಳಲು ಮಾದರಿ ಬೇಕಿಲ್ಲ, ಕಣ್ಣಿದ್ದರೆ ಸಾಕು ಎಂಬುದು ನನ್ನ ವಾದ. ಕಬ್ಬಿನ ಬಗ್ಗೆ ಮೊದಲು ಹೇಳಿದ್ದು ಅಣ್ಣನ ಉತ್ಸಾಹ ಕುಗ್ಗದಿರಲಿ ಎಂದು.

ಮಾಟುಂಗಾದ ಅಮ್ಮಣ್ಣಿ:

ಆಹಾ, ರಾಯರ ಗಾಳಿ ಯಾವಾಗ ತಿರುಗುತ್ತದೆ ಎಂದು ಯಾವ ಮಾದರಿಯೂ ಹೇಳಲಾರದು.

ಇಂಡಿಯ ಮಗಳು:

ಎಲ್ಲವನ್ನೂ ಅಣ್ಣನಿಗೆ ಓದಿ ಹೇಳಿದೆ. ಅಂಕಿಗಳಿಗೆ ಅವನು ಜಗ್ಗಲಿಲ್ಲ. ಉಜನಿ ಮೈನಸ್ ಎಂಬ ಮಾತು ಮತ್ತು ಕಣಿಕೆಯ ಮಾತಿಗೆ ಸುಮ್ಮನಾದ. ಅಮ್ಮ ಹಿಂದಿನಿಂದ 'ಎಮ್ಮೆ ಮಾರುವುದಾದರೆ ನನ್ನನ್ನೂ ಕಳುಹಿಸಿಬಿಡಿ' ಎಂದಳು. ಪೈಪ್‌ಲೈನ್ ಸಾಲಕ್ಕೆ ನಾನು ಸಹಿ ಮಾಡುತ್ತಿಲ್ಲ. ಈಗ ಅವನ ಹೊಸ ಪಟ್ಟು: ಮಸಾರಿಯ ಮೂಲೆಯಲ್ಲಿ ದೊಡ್ಡ ಕೃಷಿ ಹೊಂಡ ತೆಗೆದು, ಪ್ಲಾಸ್ಟಿಕ್ ಹಾಸಿ, ನಿಂಬೆಗೆ ಬೇಸಿಗೆಯಲ್ಲಿ ಹನಿ ನೀರಾವರಿ. ಒಮ್ಮೆಲೇ ಸುರಿಯುವ ಮಳೆಯನ್ನು ಹಿಡಿದಿಡಬಹುದು ಎನ್ನುತ್ತಾನೆ. ಇದಾದರೂ ಸರಿಯೇ?

ಅಫಜಲಪುರದವ:

ಸರಿ. ಆದರೆ ಹಳ್ಳದ ನೀರು ತಾನಾಗಿ ಇಳಿದು ಬರುವ ಕಡೆ ತೆಗೆಯಿರಿ. ನಮ್ಮ ಪಕ್ಕದವರು ಕೊಳವೆಬಾವಿಯಿಂದ ಮೇಲೆತ್ತಿ ಹೊಂಡ ತುಂಬಿಸುತ್ತಾರೆ. ಅದು ನೆಲದಡಿಯ ನೀರನ್ನು ಬಿಸಿಲಿಗೆ ಒಣಹಾಕುವ ಕೆಲಸ.

ಜಲಲೆಕ್ಕ:

ಅಗಲ ಕಡಿಮೆ ಮಾಡಿ, ಆಳ ಹೆಚ್ಚು ಮಾಡಿ. ನಿಮ್ಮ ಕಡೆ ತೆರೆದ ನೀರು ವರ್ಷಕ್ಕೆ ಒಂದೂವರೆ ಮೀಟರಿಗೂ ಹೆಚ್ಚು ಆವಿಯಾಗುತ್ತದೆ. ಮೂರು ಮೀಟರ್ ಆಳದ ಹೊಂಡದಲ್ಲಿ ಅರ್ಧ ಸೂರ್ಯನ ಪಾಲು. ಸುತ್ತ ಗಾಳಿ ತಡೆಯಲು ಗಿಡ ಹಾಕಿ, ಮೇಲೆ ನೆರಳು ಬಲೆ ಕಟ್ಟಿ.

ಡೊಂಬಿವಿಲಿ ರಾಯರು:

ಬಲೆಯ ಖರ್ಚು ಹಿಡಿದಿದ್ದೀರಾ? ಕಾಗದದ ಮೇಲೆ ಎಲ್ಲ ಹೊಂಡವೂ ತುಂಬಿರುತ್ತದೆ.

ಅಫಜಲಪುರದವ:

ಬೇಲಿಯನ್ನೂ ಹಾಕಿಸಿ ಅಕ್ಕಾ. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಕಾಲು ಜಾರಿದರೆ ಹತ್ತಲು ಹಿಡಿತವಿಲ್ಲ. ನಾಲ್ಕೂ ಮೂಲೆಗೆ ಗಂಟು ಹಾಕಿದ ಹಗ್ಗ ಇಳಿಬಿಡಿ. ಖರ್ಚಿನ ವಿವರ ನನ್ನ ಬಳಿ ಇದೆ, ನಾಳೆ ಹಾಕುತ್ತೇನೆ.